ಕೇಸ್ ಶೀಟಿಗೆ ಬರೆದ ತಪ್ಪು

ಆಸ್ಪತ್ರೆಗೆ ಹೋದರೆ ನರ್ಸಮ್ಮ ಹೆಸರು ಕೇಳುತ್ತಾಳೆ. ಹೇಳುತ್ತೇವೆ. ಮಾತ್ರೆ ಕೊಡುವಾಗ ಮತ್ತೆ ಕೇಳುತ್ತಾಳೆ. ಸೂಜಿ ಹಾಕುವಾಗ ಇನ್ನೊಂದು ಸಲ. ಆಗ ನಮಗೆ ರೇಗುತ್ತದೆ. "ಎಷ್ಟ್ ಸಲ ಹೇಳೋದವ್ವ, ನಿಂಗೇನ್ ಮರೆವಾ?" ಎಂದುಬಿಡುತ್ತೇವೆ. ಹೋದ ವಾರ ನಮ್ಮ ಊರಿನ ಸಂಘದವರೇ ಒಬ್ಬರು ಆಲೂರಿನ ಆಸ್ಪತ್ರೆಯಲ್ಲಿ ಹೀಗೆ ಸಿಡುಕಿ ಬಂದು, ಅದನ್ನೊಂದು ಶೌರ್ಯದಂತೆ ಹೇಳಿಕೊಂಡರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೇ ಇದನ್ನು ಹೇಳಿ ಬರೆಸಿದ್ದೇನೆ.

ನಾನು ಇಂದ್ರಮ್ಮ. ಆನೇಮಹಲ್ ಆಚೆ ಬೆಳೆಗಾರರು ಸೇರಿ ನಡೆಸುತ್ತಿದ್ದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದೆ. ಅದು ಮುಚ್ಚಿ ಆರು ವರ್ಷವಾಯಿತು. ಇದ್ದದ್ದೇ ಎಂಟು ಮಂಚ, ಕೆಂಪು ಗಾರೆ ನೆಲ. ಬೆಳಗ್ಗೆ ಎದ್ದು ಸೀಮೆಎಣ್ಣೆ ಸ್ಟೌವ್ ಹಚ್ಚಿ ಗಾಜಿನ ಸಿರಿಂಜುಗಳನ್ನು ಕುದಿಸುವುದು ನನ್ನ ಮೊದಲ ಕೆಲಸ. ನೀರು ಮರಳುವಾಗ ಅವು ಒಂದಕ್ಕೊಂದು ತಾಗಿ ಟಿಣಿಟಿಣಿ ಎನ್ನುತ್ತಿದ್ದವು. ನರ್ಸುಗಳ ಬಿಳಿ ಟೋಪಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಡುತ್ತಿದ್ದವಳೂ ನಾನೇ. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ಈಗಲೂ ಕಿಟಕಿಯಿಂದ ಇಣುಕುತ್ತೇನೆ.

ಸಾವಿರದ ಒಂಬೈನೂರ ತೊಂಬತ್ತಾರರ ಡಿಸೆಂಬರ್. ಕಾಫಿ ಕುಯ್ಲಿನ ಕಾಲ. ಆಲೂರಿನ ಸುಚಿತ್ರಾ ಎಂಬ ಹುಡುಗಿ ನರ್ಸಾಗಿ ಸೇರಿ ಮೂರು ತಿಂಗಳಾಗಿತ್ತು. ಇನ್ನೂ ಖಾಯಂ ಆಗಿರಲಿಲ್ಲ. ಮನೆಗೆ ಅವಳೊಬ್ಬಳೇ ಆಸರೆ. ನನ್ನನ್ನು ಇಂದ್ರಕ್ಕ ಎನ್ನುತ್ತಿದ್ದಳು. ಅವಳ ಜಡೆ ಹೆಣೆಯುತ್ತಾ ನಾನು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದೆ.

ಆಗ ವಾರ್ಡಿನಲ್ಲಿ ಇಬ್ಬರು ಹೆಂಗಸರಿದ್ದರು. ಮೂರನೇ ಮಂಚದಲ್ಲಿ ಬಿಸಿಲೆ ಕಡೆಯ ದೇವೀರಮ್ಮ. ಆಕೆಗೆ ಸಕ್ಕರೆ ಕಾಯಿಲೆ, ದಿನಾ ಬೆಳಗ್ಗೆ ಇನ್ಸುಲಿನ್ ಸೂಜಿ. ಐದನೇ ಮಂಚದಲ್ಲಿ ಎಸ್ಟೇಟ್ ಲೈನಿನ, ಎಂದರೆ ಕೂಲಿಯವರ ಸಾಲುಮನೆಯ, ಹುಲಿಯಮ್ಮ. ಆಕೆಗೆ ಮೂರು ದಿನದಿಂದ ಚಳಿಜ್ವರ, ಊಟ ಸೇರುತ್ತಿರಲಿಲ್ಲ.

ಮೂರನೇ ಮಂಚ ಕಿಟಕಿ ಪಕ್ಕದ್ದು. ಬೆಳಗಾಗುತ್ತಲೇ ಅಲ್ಲಿಗೆ ಎಳೆಬಿಸಿಲು ಬೀಳುತ್ತಿತ್ತು. ಒಂದು ಬೆಳಗ್ಗೆ ಹುಲಿಯಮ್ಮ ನಡುಗುವುದನ್ನು ದೇವೀರಮ್ಮನಿಗೆ ನೋಡಲಾಗಲಿಲ್ಲ.

"ಬಾರವ್ವ, ನೀ ಇಲ್ ಮಲಿಕೊ. ನಂಗೇನ್ ಚಳಿಯಿಲ್ಲ, ನಾ ಅಲ್ಲಿಗೆ ಹೋಯ್ತೀನಿ" ಎಂದರು.

ಲೈನಿನಲ್ಲಿ ಒಲೆ ಪಕ್ಕದ ಜಾಗ ಯಾರಿಗೆ ಚಳಿಯೋ ಅವರದು. ಅದಕ್ಕೆ ಯಾರನ್ನೂ ಕೇಳುವ ಪದ್ಧತಿಯಿಲ್ಲ. ನಾವೆಲ್ಲ ಹಾಗೇ ಬೆಳೆದವರು. ನಾನೇ ಖುಷಿಯಿಂದ ಇಬ್ಬರ ದಿಂಬು, ರಗ್ಗು ಎತ್ತಿ ಅದಲು ಬದಲು ಮಾಡಿಕೊಟ್ಟೆ. ಮಂಚದ ಕಾಲ ಬದಿಗೆ ತೂಗುಹಾಕಿದ್ದ ಕೇಸ್ ಶೀಟುಗಳನ್ನು ಮುಟ್ಟಲಿಲ್ಲ. ಆ ಕಾಗದ ನೋಡಿಯೇ ನರ್ಸ್ ಔಷಧಿ ಕೊಡುವುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಏಳೂವರೆಗೆ ಸುಚಿತ್ರಾ ಟ್ರೇ ಹಿಡಿದು ಬಂದಳು. ಮೂರನೇ ಮಂಚದ ಶೀಟು ಓದಿದಳು, ಇನ್ಸುಲಿನ್. ಮಲಗಿದ್ದವಳು ತಲೆತುಂಬ ರಗ್ಗು ಹೊದ್ದಿದ್ದಳು. "ಅಮ್ಮ, ಸೂಜಿ" ಎಂದಳು ಸುಚಿತ್ರಾ. ಸೂಜಿ ಹಾಕದ ಡಾಕ್ಟರನ್ನು ಡಾಕ್ಟರೆಂದೇ ಒಪ್ಪದ ಜನ ನಾವು. ಹುಲಿಯಮ್ಮ ಒಳಗಿಂದಲೇ ತೋಳು ಚಾಚಿದಳು.

ಹತ್ತು ನಿಮಿಷ ಕಳೆದಿರಬಹುದು. ಐದನೇ ಮಂಚದಿಂದ ದೇವೀರಮ್ಮ ಕೂಗಿದರು. "ಸಿಸ್ಟರಮ್ಮ, ಇವತ್ ನಂಗೆ ಸೂಜಿ ಇಲ್ವಾ? ತಿಂಡಿ ತಿನ್ಬುಡ್ಲಾ?"

ಸುಚಿತ್ರಾ ಒಮ್ಮೆ ಅಲ್ಲಿ ನೋಡಿದಳು, ಒಮ್ಮೆ ಇಲ್ಲಿ ನೋಡಿದಳು. ಮುಖ ಬಿಳಚಿಕೊಂಡಿತು. "ಇಂದ್ರಕ್ಕ, ಮಂಚ ಬದ್ಲಾಯ್ಸಿದ್ರಾ?"

"ಹೂಂ ಕಣವ್ವ, ಬಿಸ್ಲಿಗೆ ಅಂತ."

"ಸಕ್ಕರೆ ಕಾಯಿಲೆ ಸೂಜಿ ಹುಲಿಯಮ್ಮಂಗೆ ಹಾಕ್ಬುಟ್ಟೆ."

ಅವಳು ಅಳುತ್ತಾ ಕೂರಲಿಲ್ಲ. ಲೋಟದ ತುಂಬ ಸಕ್ಕರೆ ನೀರು ಕಲಸಿ ಹುಲಿಯಮ್ಮನಿಗೆ ಕುಡಿಸಿದಳು. ಹಿಂದಿನ ಕ್ವಾರ್ಟರ್ಸಿನಲ್ಲಿದ್ದ ಡಾಕ್ಟರಿಗೆ ಹೇಳಿಕಳಿಸಿದಳು. ಆಮೇಲೆ ಹುಲಿಯಮ್ಮನ ಕೇಸ್ ಶೀಟು ತೆಗೆದುಕೊಂಡು ಪೆನ್ನು ಬಿಚ್ಚಿದಳು. ನಾನು ಅವಳ ಕೈ ಹಿಡಿದೆ.

"ಬರೀಬ್ಯಾಡ ಕಣವ್ವ. ಹುಲಿಯಮ್ಮಂಗೆ ತಲೆಸುತ್ತು ಬಂದಿತ್ತು ಅಂತ ಡಾಕ್ಟ್ರಿಗೆ ಹೇಳು. ಸೂಜಿ ಹಾಕಿದ್ದು ಯಾರೂ ನೋಡಿಲ್ಲ. ಸಕ್ಕರೆ ನೀರು ಕುಡ್ದವ್ಳೆ, ಸರಿಹೋಯ್ತದೆ. ಬರೆದ್ರೆ ನಿನ್ ಕೆಲ್ಸನೂ ಹೋಯ್ತದೆ, ನನ್ ಕೆಲ್ಸನೂ ಹೋಯ್ತದೆ."

"ಹೆದ್ರಿಕೆ ನಂಗೂ ಐತೆ ಇಂದ್ರಕ್ಕ. ಆದ್ರೆ ಈ ಔಷ್ದಿ ಈಗ್ಲೇ ಮುಗಿಯೋದಲ್ಲ. ಮಧ್ಯಾಹ್ನದ ಮೇಲೆ ಜೋರು ಮಾಡ್ತದೆ. ಆಗ ಡ್ಯೂಟೀಲಿ ವಾಣಿ ಇರ್ತಾಳೆ. ಅವ್ಳಿಗೆ ಹೆಂಗ್ ಗೊತ್ತಾಗ್ಬೇಕು?"

"ಬಾಯಲ್ಲಿ ಹೇಳ್ಬುಡು. ಕಾಗ್ದ ಯಾಕೆ?"

"ಬಾಯಲ್ಲಿ ಹೇಳಿದ್ದು ಮರ್ತು ಹೋಗ್ಬೋದು. ಈ ಕಾಗ್ದ ನಂದಲ್ಲ ಇಂದ್ರಕ್ಕ, ಹುಲಿಯಮ್ಮಂದು. ಅವ್ರ ಮೈಯೊಳಗೆ ಏನ್ ಹೋಯ್ತು ಅಂತ ಇದ್ರಲ್ಲಿ ಇರ್ಬೇಕು. ನಾಳೆ ಕೋರ್ಟಲ್ಲಿ ಕೇಳಿದ್ರೂ ಇದನ್ನೇ ಕೇಳೋದು. ಕೈತಪ್ಪಿ ಆಗಿದ್ದಕ್ಕೆ ನಾನು ಜವಾಬು ಕೊಡ್ತೀನಿ. ಮುಚ್ಚಿಟ್ರೆ ಅದು ಬೇಕಂತ ಮಾಡಿದ್ದಾಗ್ತದೆ. ನರ್ಸ್ ಅಂತ ರಿಜಿಸ್ಟರಾಗಿರೋ ಹೆಸ್ರನ್ನೇ ತೆಗೆದುಹಾಕ್ಬೋದು."

ನಾಲ್ಕು ಸಾಲು ಬರೆದಳು. ಎಷ್ಟು ಹೊತ್ತಿಗೆ, ಯಾವ ಸೂಜಿ, ಎಷ್ಟು, ತಾನೇ ಹಾಕಿದ್ದು. ಕೆಳಗೆ ರುಜು ಹಾಕಿದಳು. ಓದಿದವಳ ಧಿಮಾಕು ಎಂದುಕೊಂಡು ನಾನು ಮುಖ ತಿರುಗಿಸಿ ಹೋದೆ.

ಡಾಕ್ಟರು ಬಂದು ಓದಿದರು. ಗಂಟೆಗೊಮ್ಮೆ ರಕ್ತ ನೋಡಿ, ಸಕ್ಕರೆ ಇಳಿದರೆ ತಕ್ಷಣ ನರಕ್ಕೆ ಗ್ಲೂಕೋಸ್ ಕೊಡಿ ಎಂದು ಬರೆದರು. ದೇವೀರಮ್ಮನಿಗೂ ಅವರ ಸೂಜಿ ಆಯಿತು. ಹುಲಿಯಮ್ಮನಿಗೆ ನಡೆದದ್ದನ್ನು ಹೇಳಿ, ಸುಚಿತ್ರಾ ಜಗಲಿಗೆ ಹೋದಳು. ಅಲ್ಲಿ ಹುಲಿಯಮ್ಮನ ಗಂಡ ಹುಚ್ಚಣ್ಣ ಬೀಡಿ ಸೇದುತ್ತಾ ಕೂತಿದ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಹುಚ್ಚಣ್ಣೋರೆ, ನಿಮ್ಮನೆಯವ್ರಿಗೆ ಬೇರೆಯವ್ರ ಸೂಜಿ ಹಾಕ್ಬುಟ್ಟೆ. ತಪ್ಪು ನಂದು. ಹೆಸ್ರು ಕೇಳ್ಬೇಕಿತ್ತು, ಕೇಳ್ಲಿಲ್ಲ. ಸಂಜೆವರ್ಗೂ ಅವ್ರನ್ನ ಬಿಡದೆ ನೋಡ್ಕೊಬೇಕು."

ಅವನು ಬೀಡಿ ಎಸೆದು ಎದ್ದ. "ಲೈನಿನೋರು ಅಂತ ತಾನೆ ಸಿಸ್ಟ್ರೇ? ಸಾವ್ಕಾರ್ರ ಹೆಂಡ್ರಾಗಿದ್ರೆ ಹಿಂಗ್ ಮಾಡ್ತಿದ್ರಾ? ಅವ್ಳಿಗೇನಾರ ಆಗ್ಲಿ, ನಿಮ್ಮನ್ನ ಸುಮ್ಕೆ ಬುಡಾಕಿಲ್ಲ."

ಸುಚಿತ್ರಾ ತಲೆ ತಗ್ಗಿಸಿ ನಿಂತಳು. ಮಂಚ ಬದಲಿಸಿದ್ದು ಇಂದ್ರಮ್ಮ ಎಂದು ಹೇಳಿದ್ದರೆ ಅವನ ಸಿಟ್ಟು ಅರ್ಧ ನನ್ನ ಕಡೆಗೆ ತಿರುಗುತ್ತಿತ್ತು. ಅವಳು ಹೇಳಲಿಲ್ಲ. ನಾನೂ ಹೊರಗೆ ಬರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಎರಡು ಗಂಟೆಗೆ ವಾಣಿ ಡ್ಯೂಟಿಗೆ ಬಂದಳು. ಸುಚಿತ್ರಾ ಶೀಟನ್ನು ಅವಳ ಜೊತೆ ಮತ್ತೆ ಓದಿದಳು. ಇಲ್ಲೇ ಇರುತ್ತೇನೆ ಎಂದವಳನ್ನು ಡಾಕ್ಟರೇ ಮನೆಗೆ ಕಳಿಸಿದರು. ಈ ಸ್ಥಿತಿಯಲ್ಲಿ ಕೆಲಸ ಮಾಡಿದರೆ ಇನ್ನೊಂದು ತಪ್ಪಾಗುತ್ತದೆ ಎಂದರು. ಆಮೇಲೆ ಅವರು ಪಕ್ಕದ ಕೋಣೆಯ ಹೆರಿಗೆಗೆ ಹೋದರು.

ಮೂರು ಗಂಟೆ ಇರಬಹುದು. ಹುಲಿಯಮ್ಮನಿಗೆ ಬೆವರು ಕಿತ್ತು ಬಂತು. ರವಿಕೆಯೆಲ್ಲ ಒದ್ದೆಯಾಗಿತ್ತು. ನನಗೆ ಹೇಳಲಾಗದಷ್ಟು ಸಮಾಧಾನ. "ಬೆವರು ಬಂತು ಕಣೋ ಹುಚ್ಚಣ್ಣ. ಜ್ವರ ಬುಡ್ತು. ಒಳ್ಳೆ ನಿದ್ದೆ ಬಂದೈತೆ, ಎಬ್ಬಿಸ್ಬ್ಯಾಡ" ಎಂದೆ. ಅವನೂ ನಿಟ್ಟುಸಿರು ಬಿಟ್ಟ. ಸೂಜಿಯ ವಿಷಯ ಬೆಳಗ್ಗೆಯೇ ಸಕ್ಕರೆ ನೀರಿನಲ್ಲಿ ಮುಗಿಯಿತೆಂದು ನಾನು ನಂಬಿಬಿಟ್ಟಿದ್ದೆ. ಹೊದಿಕೆ ಸರಿ ಮಾಡಿ, ಕಿಟಕಿಗೆ ಪರದೆಯನ್ನೂ ಎಳೆದೆ.

ಗಂಟೆಯ ರಕ್ತ ನೋಡಲು ಬರುತ್ತಿದ್ದ ವಾಣಿ ಬೆವರು ಕಂಡು ಓಡಿ ಬಂದಳು. ಹಣೆ ಮುಟ್ಟಿದಳು, ತಣ್ಣಗಿತ್ತು. ಹೆಸರು ಕೇಳಿದರೆ ಹುಲಿಯಮ್ಮ ತೊದಲಿದಳು. ಬೆರಳು ಚುಚ್ಚಿ ರಕ್ತ ನೋಡಿ, ಸಕ್ಕರೆ ತೀರಾ ಇಳಿದದ್ದು ಕಂಡು, ಶೀಟಿನಲ್ಲಿ ಬರೆದಿದ್ದಂತೆ ನರಕ್ಕೆ ಗ್ಲೂಕೋಸ್ ಕೊಟ್ಟಳು. ನಾನೂ ಹುಚ್ಚಣ್ಣನೂ ಗೋಡೆಗೆ ಒರಗಿ ನಿಂತೆವು. ಸ್ವಲ್ಪ ಹೊತ್ತಿಗೆ ಹುಲಿಯಮ್ಮ ಕಣ್ಣು ಬಿಟ್ಟು, "ಯಾಕ್ ಎಲ್ಲಾ ಹಿಂಗ್ ನಿಂತಿದೀರಿ?" ಎಂದಳು.

"ಜ್ವರ ಬುಟ್ಟ ಬೆವರು ಅಂತಿದ್ರಲ್ಲ" ಎಂದ ಹುಚ್ಚಣ್ಣ.

"ಸುಚಿತ್ರಾ ಬರೆದಿಡದೆ ಇದ್ದಿದ್ರೆ ನಾನೂ ಹಂಗೇ ಅಂದ್ಕೊತಿದ್ದೆ" ಎಂದಳು ವಾಣಿ. "ಮಲ್ಗಲಿ ಅಂತ ಬುಟ್ಟಿದ್ರೆ, ನಿದ್ದೇಲೇ ಹೋಗ್ಬುಡೋರು."

ಮಲಗಲಿ ಎಂದವಳು ನಾನೇ. ಸಿರಿಂಜು ಕುದಿಸುವ ಕೋಣೆಗೆ ಹೋಗಿ ಅತ್ತೆ. ಆಮೇಲೆ ಹುಚ್ಚಣ್ಣನ ಮುಂದೆಯೂ ಡಾಕ್ಟರ ಮುಂದೆಯೂ, ಮಂಚ ಬದಲಿಸಿದವಳು ನಾನು ಎಂದು ಹೇಳಿದೆ.

ಮುಂದಿನ ವಾರ ಆಸ್ಪತ್ರೆಯ ಕಮಿಟಿಯವರು ಸುಚಿತ್ರಾಳನ್ನು ಕರೆಸಿದರು. ಅವಳನ್ನು ಕಳಿಸುವ ಮಾತೇ ಜೋರಾಗಿತ್ತು. ಅಷ್ಟರಲ್ಲಿ ಹುಚ್ಚಣ್ಣ ಹೆಂಡತಿಯನ್ನು ಕರೆದುಕೊಂಡು ಬಂದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬರೆದುಕೊಟ್ಟ ದೂರಿನ ಅರ್ಜಿ ಅವನ ಕೈಯಲ್ಲಿತ್ತು. ಇನ್ನು ಮುಗಿಯಿತು ಎಂದುಕೊಂಡೆ. ಅವನು ಅರ್ಜಿ ಕೊಡಲಿಲ್ಲ.

"ನಂಗೆ ಸಿಟ್ಟು ಇನ್ನೂ ಐತೆ" ಎಂದ. "ತಪ್ಪು ಮಾಡವ್ರೆ, ಬೈಯಿರಿ. ಆದ್ರೆ ಈವಮ್ಮ ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ನಿಲ್ಲ. ಜ್ವರದಾಗೆ ಹೋದ್ಲು ಅಂತ ಮಣ್ಣು ಮಾಡಿ ಮನೆಗೋಯ್ತಿದ್ದೆ. ಹೇಳಿದ್ಕೇ ಇವ್ರನ್ನ ಕಳಿಸ್ಬುಟ್ರೆ, ನಾಳೆ ಬರೋರು ಯಾಕ್ ಹೇಳ್ತಾರೆ ಸ್ವಾಮಿ?"

ಕಮಿಟಿಯವರು ತಮ್ಮಲ್ಲೇ ಮಾತಾಡಿಕೊಂಡರು. ಸುಚಿತ್ರಾಳಿಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ನನಗೂ ಬೈಗುಳ ಸಿಕ್ಕಿತು, ಸಿಗಬೇಕಾದ್ದೇ. ಅಂದಿನಿಂದ ಪ್ಲಾಸ್ಟರ್ ಪಟ್ಟಿಯ ಮೇಲೆ ಹೆಸರು ಬರೆದು ರೋಗಿಯ ಮಣಿಕಟ್ಟಿಗೆ ಅಂಟಿಸುವ ಪದ್ಧತಿ ಬಂತು. ಅವಳ ಜೊತೆ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದೆ. ನನ್ನ ಜೀವನದ ಒಳ್ಳೆಯ ವರ್ಷಗಳು ಅವು.

ನರ್ಸ್ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳೇ, "ನೀವು ಹುಲಿಯಮ್ಮನಾ?" ಎಂದು ಕೇಳಬೇಡಿ. ಜ್ವರದಲ್ಲಿರುವವರು ಏನು ಕೇಳಿದರೂ ಹೂಂ ಎನ್ನುತ್ತಾರೆ. "ನಿಮ್ಮ ಹೆಸರೇನು?" ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ. ಕೊಟ್ಟದ್ದನ್ನು ಕೊಟ್ಟ ಹೊತ್ತಿಗೇ ಬರೆಯಿರಿ. ತಪ್ಪಾದರೆ ಡಾಕ್ಟರಿಗೂ ರೋಗಿಗೂ ಹೇಳಿ. ಆಸ್ಪತ್ರೆಗೆ ಹೋಗುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೇಳದೆ ಮಂಚ ಬದಲಿಸಬೇಡಿ. ಎಷ್ಟು ಸಲ ಕೇಳಿದರೂ ಹೆಸರು ಹೇಳಿ. ಇದು ಯಾವ ಸೂಜಿ, ಯಾಕೆ ಎಂದು ನೀವೂ ಕೇಳಿ. ಅದು ನಿಮ್ಮ ಹಕ್ಕು.

ಹೋದ ತಿಂಗಳು ಹುಲಿಯಮ್ಮ ಮೊಮ್ಮಗಳ ನಾಮಕರಣಕ್ಕೆ ಕರೆಯಲು ನಮ್ಮ ಮನೆಗೆ ಬಂದಿದ್ದಳು. ಒಬ್ಬ ಹುಡುಗಿ ಹೆದರುತ್ತಲೇ ನಾಲ್ಕು ಸಾಲು ಬರೆದದ್ದರಿಂದ ಅವಳು ಬದುಕಿದ್ದಾಳೆ. ಬರೆಯುವ ಆ ಕೈಯನ್ನು ನಾನು ಹಿಡಿದು ತಡೆದಿದ್ದೆ. ನೀವು ಯಾರೂ ತಡೆಯಬೇಡಿ.