ಮೂರನೇ ನೀರು

ಹೋಟೆಲಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ನಾನು ಎಡಗೈಯಲ್ಲೇ ಕಿತ್ತು ಹರಿದೆ. ಬಲಗೈ ದವಡೆಯ ಮೇಲಿತ್ತು. ಹಲ್ಲು ಕೀಳಿಸಿಕೊಂಡು ನಾಲ್ಕು ದಿನ ರಜೆಯಲ್ಲಿದ್ದೆ, ಅಷ್ಟರಲ್ಲಿ ಇಷ್ಟೆಲ್ಲ ಆಗಿತ್ತು. ಕಾಡಿನಿಂದ ಗೆಡ್ಡೆ ತಂದುಕೊಡುವ ಹೆಂಗಸು ತಪ್ಪು ಗೆಡ್ಡೆ ತಂದದ್ದರಿಂದ ಗ್ರಾಹಕರಿಗೆ ತೊಂದರೆಯಾಗಿದೆ, ಇನ್ನು ಅವಳಿಂದ ಏನನ್ನೂ ಕೊಳ್ಳುವುದಿಲ್ಲ, ಕ್ಷಮಿಸಿ, ಎಂದು ಮಾಲೀಕರು ದಪ್ಪ ಅಕ್ಷರದಲ್ಲಿ ಬರೆಸಿದ್ದರು.

ಆ ಹೆಂಗಸು ನನ್ನ ಅಕ್ಕ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ! ಮೂವತ್ತು ವರ್ಷದಿಂದ ಅಕ್ಕ ಊರಾಚೆಯ ಗುಡ್ಡ ಹತ್ತಿ ಸೊಪ್ಪು, ಅಣಬೆ, ಗೆಡ್ಡೆ, ಹಣ್ಣು ಆಯ್ದು ತರುತ್ತಿದ್ದಾಳೆ. ಒಂದು ಎಲೆಯನ್ನೂ ಮೂಸಿ ನೋಡದೆ ಬುಟ್ಟಿಗೆ ಹಾಕಿದವಳಲ್ಲ. ಚೂರು ಅನುಮಾನ ಬಂದರೂ ಎಂಥ ಚೆಂದದ ಅಣಬೆಯನ್ನೂ ಅಲ್ಲೇ ಬಿಟ್ಟು ಬರುತ್ತಾಳೆ. ಭಾವ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಎರಡೇ: ಗುಡ್ಡದಲ್ಲಿ ಆಯಲು ಅರಣ್ಯ ಇಲಾಖೆ ಕೊಟ್ಟ ಪರವಾನಗಿ, ಮತ್ತು ಅವಳು ತಂದದ್ದನ್ನು ಕಣ್ಣು ಮುಚ್ಚಿ ತಿನ್ನಬಹುದು ಎಂಬ ಹೆಸರು. ಮಾರನೆಯ ದಿನ ಆರೋಗ್ಯ ಇಲಾಖೆಯ ಅಧಿಕಾರಿ ಬಂದು ವಿಚಾರಣೆ ಮಾಡುವವರಿದ್ದರು. ಅವರು ಅಕ್ಕನದೇ ತಪ್ಪು ಎಂದು ಬರೆದರೆ ಪರವಾನಗಿಯೂ ಹೋಯಿತು, ಹೆಸರೂ ಹೋಯಿತು.

ಆ ಹೋಟೆಲಿನಲ್ಲಿ ನಾನು ಹದಿನಾರು ವರ್ಷದಿಂದ ಅಡುಗೆಯವಳು. ಅಡುಗೆಮನೆಯವರು ನನಗಿಟ್ಟ ಹೆಸರು ಒಗ್ಗರಣೆ. ಸಾಸಿವೆ ಬೀಳುವ ಮೊದಲೇ ಸಿಡಿಯುತ್ತೇನಂತೆ. ಸಿಡಿಯಲಿ ಬಿಡಿ, ನನ್ನ ಕೈರುಚಿಗೆಂದೇ ಜನ ದೂರದಿಂದ ಬರುತ್ತಿದ್ದರು. ಅಕ್ಕ ಏನು ತರುತ್ತಾಳೋ ಅದೇ ಆ ದಿನದ ಅಡುಗೆ. ಬೇಸಿಗೆಯಲ್ಲಿ ಕಪ್ಪು ಕಾಡುಹಣ್ಣಿನ ಸಿಹಿ, ಮೊದಲ ಮಳೆಗೆ ಅಣಬೆ, ಆಮೇಲೆ ಎಳೆ ಸೊಪ್ಪು, ಚಳಿ ಶುರುವಾದರೆ ಬೆಣ್ಣೆಯಲ್ಲಿ ಹುರಿದ ಗೆಡ್ಡೆ.

ಕಳೆದ ವರ್ಷ ಮಾಲೀಕರು ಅಡುಗೆಯನ್ನು ಕಾಲೇಜಿನಲ್ಲಿ ಕಲಿತವನೊಬ್ಬನನ್ನು ತಂದು ನನ್ನ ತಲೆಯ ಮೇಲೆ ಕೂರಿಸಿದರು. ಮೊಳದುದ್ದದ ಬಿಳಿ ಟೋಪಿ ಹಾಕಿಕೊಂಡು ಬರುತ್ತಿದ್ದ. ಎರಡನೇ ದಿನಕ್ಕೆ ಎಲ್ಲರ ಬಾಯಲ್ಲೂ ಅವನು ಟೋಪಿಯೇ ಆದ. ಅವನದು ಒಂದೇ ಮಂತ್ರ, ಅಡುಗೆಮನೆಯಲ್ಲಿ ಏನೂ ಹಾಳಾಗಬಾರದು. ಸಿಪ್ಪೆ ಒಣಗಿಸಿ ಪುಡಿ ಮಾಡು, ದಂಟು ಅರೆದಿಡು, ತರಕಾರಿ ಬೇಯಿಸಿದ ನೀರನ್ನು ಸೂಪಿಗೆ ಎತ್ತಿಡು. ಒಂದು ದಿನ ಒಂದು ಕಟ್ಟು ಕಾರ್ಡು ತಂದು ನನ್ನ ಮುಂದಿಟ್ಟ.

"ಆಂಟಿ, ಅಡುಗೆ ಎಲ್ಲಾ ನಿಮ್ಮ ತಲೇಲೇ ಇದ್ರೆ ಹೇಗೆ? ನಾಳೆ ನೀವು ಇಲ್ದಿದ್ರೂ ಇಲ್ಲಿ ಕೆಲಸ ನಡೀಬೇಕಲ್ವಾ? ಬರೆದು ಕೊಟ್ಬಿಡಿ."

ಆಂಟಿಯಂತೆ ಆಂಟಿ! ನಾಳೆ ನಾನಿಲ್ಲದಿದ್ದರೆ ಅಂತೆ! ನನ್ನನ್ನು ಹೊರಗೆ ಹಾಕಲು ನನ್ನ ಕೈಯಿಂದಲೇ ಬರೆಸಿಕೊಳ್ಳುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ಬರೆದುಕೊಟ್ಟೆ. ಒಂದೊಂದು ಕಾರ್ಡಿನಲ್ಲೂ ಒಂದೊಂದು ವಿಷಯ ಬಿಟ್ಟು ಬರೆದುಕೊಟ್ಟೆ. ಕಾಡುಹಣ್ಣಿನ ಸಿಹಿ ಗಟ್ಟಿಯಾಗಬೇಕಾದರೆ ಹಣ್ಣಿನ ಜೊತೆ ಅದರದೇ ಒಂದು ಹಿಡಿ ಹಣ್ಣಾಗದ ಕಾಯಿ ಹಾಕಬೇಕು, ಅದನ್ನು ಬರೆಯಲಿಲ್ಲ. ಅಣಬೆಯನ್ನು ಮೊದಲು ಎಣ್ಣೆಯಿಲ್ಲದ ಬಾಣಲೆಯಲ್ಲಿ ಹಾಕಿ ಅದರ ನೀರು ಆರಿಸಬೇಕು, ಅದನ್ನೂ ಬರೆಯಲಿಲ್ಲ. ಮಾಡಿ ನೋಡಲಿ ಮಹಾರಾಯ, ತಲೆ ಕೆರೆದುಕೊಂಡು ನನ್ನ ಹತ್ತಿರವೇ ಬರಲಿ ಎಂದುಕೊಂಡೆ. ಅವತ್ತು ಅಡುಗೆಮನೆಯಲ್ಲಿ ಗುನುಗಿಕೊಂಡು ಓಡಾಡಿದ್ದೂ ನೆನಪಿದೆ. ಗೆಡ್ಡೆಯ ಕಾರ್ಡಿನಲ್ಲಿ ಏನು ಬಿಟ್ಟೆ ಎಂಬುದು ಮಾತ್ರ ಆಮೇಲೆ ನೆನಪಿನಲ್ಲಿ ಉಳಿಯಲಿಲ್ಲ. ಹೇಗೂ ಗೆಡ್ಡೆ ಬೇಯಿಸುವವಳು ನಾನೇ.

ಈ ಸಲ ಬೇಯಿಸಿದವನು ಟೋಪಿ. ನಾನು ರಜೆಯಲ್ಲಿದ್ದಾಗ ಗೆಡ್ಡೆ ಹುರಿದ, ಬೇಯಿಸಿದ ನೀರಿನಲ್ಲಿ ಸೂಪನ್ನೂ ಮಾಡಿದ. ಹನ್ನೊಂದು ಜನರ ಗಂಟಲು ಉರಿದು ನಾಲಿಗೆ ಊದಿಕೊಂಡಿತು. ಇಬ್ಬರು ಎರಡು ದಿನ ಆಸ್ಪತ್ರೆಯಲ್ಲಿದ್ದರು. ಅವರಲ್ಲೊಬ್ಬಳು ಶಾಲೆಯ ಟೀಚರ್, ಇನ್ನೂ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಿದ್ದಳಂತೆ.

ವಿಚಾರಣೆ ನಡೆದದ್ದು ಹೋಟೆಲಿನ ಊಟದ ಕೋಣೆಯಲ್ಲಿ, ಕಿಟಕಿ ಪಕ್ಕದ ಟೇಬಲಿನಲ್ಲಿ. ಅಧಿಕಾರಿ ಕನ್ನಡಕದ ಹೆಂಗಸು, ಫೈಲು ಬಿಚ್ಚಿ ಕುಳಿತಿದ್ದರು. ಒಂದು ಕಡೆ ಮಾಲೀಕರು ಮತ್ತು ಟೋಪಿ, ಇನ್ನೊಂದು ಕಡೆ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಅಕ್ಕ. ನಾನು ಕೂರಲಿಲ್ಲ.

"ಗೆಡ್ಡೆ ಬೇಯಿಸಿದ ನೀರನ್ನ ಜನಕ್ಕೆ ಕುಡಿಸಿದ್ದೀಯಲ್ಲೋ!" ಎಂದು ಟೋಪಿಯ ಮೇಲೆ ಎರಗಿದೆ. "ಆ ನೀರಲ್ಲೇ ಇರೋದು ವಿಷ ಎಲ್ಲಾ. ಮೂರು ಸಲ ಬೇಯಿಸಿ ಮೂರು ಸಲ ನೀರು ಬಸಿದು ಚೆಲ್ಲಬೇಕು. ಹಾಲು ಕುಡಿಯೋ ಮಗೂಗೂ ಗೊತ್ತು ಇದು!"

ಟೋಪಿ ಜೇಬಿನಿಂದ ಒಂದು ಕಾರ್ಡು ತೆಗೆದು ಅಧಿಕಾರಿಯ ಮುಂದಿಟ್ಟ. ಅವರು ಗಟ್ಟಿಯಾಗಿ ಓದಿದರು: "ಗೆಡ್ಡೆಯ ಸಿಪ್ಪೆ ತೆಗೆದು ಹೋಳು ಮಾಡುವುದು. ಮೆತ್ತಗಾಗುವ ತನಕ ಬೇಯಿಸುವುದು. ಬೆಣ್ಣೆ, ಮೆಣಸು, ಉಪ್ಪು ಹಾಕಿ ಹುರಿಯುವುದು." ಕಾರ್ಡನ್ನು ತಿರುಗಿಸಿ ನೋಡಿದರು. "ನೀರು ಚೆಲ್ಲೋದು ಇದ್ರಲ್ಲಿ ಇಲ್ವಲ್ಲ. ಯಾರು ಬರೆದಿದ್ದು?"

ನನ್ನ ನಾಲಿಗೆ ಹಲ್ಲು ಕಿತ್ತ ಗುಳಿಯಲ್ಲೇ ಸಿಕ್ಕಿಕೊಂಡಿತು. ಗೆಡ್ಡೆಯ ಕಾರ್ಡಿನಲ್ಲಿ ಏನು ಬಿಟ್ಟಿದ್ದೆ ಎಂಬುದು ಆ ಕ್ಷಣ ನೆನಪಾಯಿತು. ಅಕ್ಕ ಕಾರ್ಡನ್ನು ನೋಡಿದಳು, ನನ್ನ ಮುಖ ನೋಡಿದಳು. ಆ ಅಕ್ಷರ ತಿದ್ದಿಸಿದವಳೇ ಅವಳು.

"ಕಾರ್ಡ್ ಬಿಡಿ ಮೇಡಂ," ಎಂದಳು. "ಗೆಡ್ಡೆನೇ ಬೇರೆ. ಈ ಸಲ ನಾನೇ ನೋಡದೆ ತಂದ್ಬಿಟ್ಟೆ. ಅದನ್ನ ಎಷ್ಟು ನೀರಲ್ಲಿ ಬೇಯಿಸಿದ್ರೂ ಹೀಗೇ ಆಗ್ತಿತ್ತು. ನಂದೇ ತಪ್ಪು."

ಅಧಿಕಾರಿ ಬರೆದುಕೊಳ್ಳತೊಡಗಿದರು. ಮಾಲೀಕರು ನಿರಾಳವಾಗಿ ಉಸಿರು ಬಿಟ್ಟರು. ಸುಮ್ಮನಿದ್ದಿದ್ದರೆ ನಾನು ಪಾರಾಗುತ್ತಿದ್ದೆ. ಆದರೆ ಮೂವತ್ತು ವರ್ಷ ಮೂಸಿ ಮೂಸಿ ಕೂಡಿಟ್ಟ ಹೆಸರನ್ನು ಇವಳು ಮೂರು ಮಾತಿನಲ್ಲಿ ಬೀದಿಗೆ ಎಸೆಯುತ್ತಿದ್ದಾಳಲ್ಲ, ಅದೂ ನನಗಾಗಿ! ನನಗೆ ಎಲ್ಲಿಲ್ಲದ ಕೋಪ ಬಂತು.

"ಸುಳ್ಳು!" ಎಂದು ಟೇಬಲ್ ಗುದ್ದಿದೆ. "ನೋಡದೆ ತಂದ್ಳಂತೆ! ಮೇಡಂ, ಇವಳು ನಮ್ಮ ಮನೆ ಉಪ್ಪನ್ನೂ ಮೂಸಿ ನೋಡೋಳು. ಗೆಡ್ಡೆ ಸರಿಯಾಗೇ ಇತ್ತು. ಕಾರ್ಡ್ ಬರೆದಿದ್ದು ನಾನು. ನೀರು ಚೆಲ್ಲೋದನ್ನ ಬೇಕಂತಲೇ ಬಿಟ್ಟೆ."

"ಬೇಕಂತಲೇ?" ಎಂದರು ಮಾಲೀಕರು.

"ಹೌದು, ಬೇಕಂತಲೇ. ಇವನ ಮೇಲಿನ ಸಿಟ್ಟಿಗೆ."

ಅಧಿಕಾರಿ ಬರೆದ ಸಾಲನ್ನು ಹೊಡೆದು ಹಾಕಿದರು. ಟೋಪಿ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆಂಟಿ ನೀರು ಚೆಲ್ಲೋದನ್ನ ನಾನು ನೋಡಿದ್ದೆ ಮೇಡಂ. ಹಾಳು ಮಾಡ್ತಿದ್ದಾರೆ ಅಂದ್ಕೊಂಡೆ. ಯಾಕೆ ಅಂತ ಕೇಳ್ಲಿಲ್ಲ." ಇವನು ಹೀಗೆ ಒಳ್ಳೆಯವನಾದದ್ದು ಕಂಡು ನನಗೆ ಇನ್ನಷ್ಟು ಉರಿಯಿತು. ಮಾಲೀಕರು ನನ್ನತ್ತ ನೋಡದೆಯೇ, ಇನ್ನು ಅಡುಗೆಮನೆಯ ಹೊಸ್ತಿಲು ದಾಟಬೇಡ ಎಂದರು. ಅಕ್ಕನ ಪರವಾನಗಿ ಉಳಿಯಿತು, ಹೋಟೆಲಿಗೆ ಮತ್ತೆ ಅವಳಿಂದಲೇ ಕೊಳ್ಳುವುದೆಂದೂ ಆಯಿತು.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಹಾಲಿನ ಅಂಗಡಿಯ ತಿರುವಿನಲ್ಲಿ ನಿಂತಳು.

"ನನ್ನ ಕಾಪಾಡಿದೆ ಅಂದ್ಕೋಬೇಡ. ಅವನ ಮೇಲೆ ಸಿಟ್ಟಿದ್ರೆ ಅವನ ಟೋಪಿನ ಒಲೆಗೆ ಹಾಕ್ಬೇಕಿತ್ತು ಕಣೆ. ನಾನು ತಂದಿದ್ದಕ್ಕೆ ಯಾಕೆ ಕೈ ಹಾಕ್ದೆ? ತಿನ್ನೋರು ಯಾರು ಅಂತ ಒಂದ್ಸಲನಾದ್ರೂ ಯೋಚನೆ ಮಾಡಿದ್ಯಾ? ಆ ಟೀಚರಮ್ಮ ನಿನಗೇನು ಮಾಡಿದ್ಲು?"

"ಮತ್ತೆ ನೀನ್ಯಾಕೆ ನನಗೋಸ್ಕರ ಸುಳ್ಳು ಹೇಳಿದೆ?"

"ಅಮ್ಮ ಸಾಯೋವಾಗ ನಿನ್ನ ಕೈನ ನನ್ನ ಕೈಲಿಟ್ಟು ಹೋದ್ಲಲ್ಲ, ಅದಕ್ಕೆ. ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಅಂತ ಅವಳು ನಿನಗೆ ಎಷ್ಟು ಸಲ ಹೇಳಿದ್ಲು?" ಎಂದವಳು ಮತ್ತೆ ನಡೆದಳು. ಆ ವಾರವಿಡೀ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಮಾಡಿದ್ದನ್ನು ಉಂಡಳು, ತಟ್ಟೆ ತೊಳೆದಿಟ್ಟಳು, ಅಷ್ಟೇ.

ಮುಂದಿನ ಸೋಮವಾರ ಬುಟ್ಟಿ ಭಾರವಿತ್ತು. ಹೋಟೆಲಿನ ಹಿಂಬಾಗಿಲ ತನಕ ನಾನೇ ಹೊತ್ತು ತಂದುಕೊಟ್ಟೆ. ಯಾವತ್ತೂ ಅಡುಗೆಮನೆಗೆ ಕಾಲಿಡದ ಅಕ್ಕ ಅಂದು ನೇರ ಒಲೆಯ ಹತ್ತಿರ ಹೋಗಿ ನಿಂತಳು. ಟೋಪಿ ಕಾರ್ಡುಗಳನ್ನು ಹರವಿಕೊಂಡ. ಹಣ್ಣಿನ ಜೊತೆ ಒಂದು ಹಿಡಿ ಕಾಯಿ. ಅಣಬೆಗೆ ಮೊದಲು ಒಣ ಬಾಣಲೆ. ನಾನು ಬಿಟ್ಟದ್ದನ್ನೆಲ್ಲ ಅವಳು ಒಂದೊಂದಾಗಿ ಹೇಳಿದಳು, ಅವನು ಬರೆದುಕೊಂಡ. ಹದಿನಾರು ವರ್ಷದ ನನ್ನ ಗುಟ್ಟುಗಳನ್ನು, ಅವನ್ನು ನನಗೆ ಕಲಿಸಿದವಳೇ ಎದುರಿಗೆ ನಿಂತು ಹಂಚುತ್ತಿದ್ದಳು. ಹೊಸ್ತಿಲ ಹೊರಗೆ ನಿಂತು ನಾನು ಹಲ್ಲು ಕಚ್ಚಿದೆ. ಅವಳ ಮೇಲೆ ಕೋಪ, ಅವನ ಮೇಲೆ ಕೋಪ, ಅವರಿಬ್ಬರಿಗಿಂತ ಹೆಚ್ಚು ನನ್ನ ಮೇಲೆ.

ಟೋಪಿ ಗೆಡ್ಡೆ ಬೇಯಿಸಲು ಇಟ್ಟ. ಮೊದಲ ನೀರು ಚೆಲ್ಲಿದ. ಎರಡನೇ ನೀರು ಚೆಲ್ಲಿದ. ಒಂದು ಹೋಳನ್ನು ಬೆರಳಲ್ಲಿ ಒತ್ತಿ ನೋಡಿದ. ಮೆತ್ತಗಾಗಿತ್ತು. ಅಕ್ಕ ಬೆನ್ನು ತಿರುಗಿಸಿ ಸೊಪ್ಪು ಆರಿಸುತ್ತಿದ್ದಳು. ಅವನ ಕೈ ಬೆಣ್ಣೆಯ ಡಬ್ಬಿಯತ್ತ ಹೋಯಿತು.

"ಇನ್ನೊಂದು ನೀರು!" ಎಂದು ಕಿರುಚಿದೆ. "ಇನ್ನೊಂದು ನೀರು ಬಾಕಿ ಇದೆ ಕಣೋ! ಮೂರು ಅಂದ್ರೆ ಮೂರು! ಕಿವಿ ಕೇಳಲ್ವಾ ನಿನಗೆ?"

ಇಡೀ ಅಡುಗೆಮನೆ ಬಾಗಿಲ ಕಡೆ ತಿರುಗಿತು. ಟೋಪಿ ಬೆಣ್ಣೆ ಬಿಟ್ಟು ಪಾತ್ರೆಗೆ ಹೊಸ ನೀರು ಹಿಡಿದ. ಅಕ್ಕ ಕೈಯಲ್ಲಿದ್ದ ಎಲೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ, ಒಂದು ವಾರದ ಮೇಲೆ ಮೊದಲ ಸಲ ನನ್ನತ್ತ ನೋಡಿದಳು.

"ಅದನ್ನ ಅವತ್ತೇ ಬರೀಬೇಕಿತ್ತು ನೀನು," ಎಂದಳು.