ಬರೆಯದ ಮೂರನೇ ಭಾಗ

ಮುತ್ತವ್ವನ ಬಲಗೈಯಲ್ಲಿ ಉಳಿದದ್ದು ಎರಡೇ ಬೆರಳು. ಮಿಕ್ಕವನ್ನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮಶೀನು ತಿಂದಿತ್ತು. ಅದೇ ಮಶೀನು ಅವಳ ತಂಗಿ ದುರ್ಗಾಳ ಜೀವವನ್ನೇ ತೆಗೆದಿತ್ತು.

"ತಪ್ಪು ದುರ್ಗಾಂದs ಅಂತ ಎಲ್ಲಾರ ಮುಂದ ಹೇಳು. ನಿನ್ನ ಕೆಲಸ ಉಳೀತೈತಿ," ಎಂದಿದ್ದ ಮಾಲೀಕ.

ಅವಳು ಹೇಳಲಿಲ್ಲ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಎಡಗೈಯಿಂದ ರೊಟ್ಟಿ ಬಡಿದು ಮಾರಿ ತಂಗಿಯ ಮಗಳು ಸ್ನೇಹಲ್‌ಳನ್ನು ಸಾಕಿದಳು.

ತಮ್ಮನ ಮಗ ಮೈಲಾರಪ್ಪ ಸಾಲಿ ಮಾಸ್ತರ. ಅತ್ತೆಯ ಬದುಕನ್ನೇ ಮೂರು ಭಾಗದ ಕಾದಂಬರಿ ಮಾಡಹೊರಟಿದ್ದ. ಅದರಲ್ಲಿ ಅತ್ತೆಯ ಹೆಸರು ಗಂಗವ್ವ. ಒಂದೊಂದು ಅಧ್ಯಾಯ ಬರೆದಾಗಲೂ ಜಿನ್ನಿನ ಹೆಂಗಸರನ್ನು ಕಟ್ಟೆಯ ಮೇಲೆ ಕೂಡಿಸಿ ಓದುತ್ತಿದ್ದ.

"ಗಂಗವ್ವ ಹಂಗ ಅಳಂಗಿಲ್ಲೋ ಅಳಿಯಾ. ಹರಿ ಅದನ್ನ," ಎನ್ನುತ್ತಿದ್ದಳು ಮುತ್ತವ್ವ.

ಹರಿಯುತ್ತಿದ್ದ. ಮತ್ತೆ ಬರೆಯುತ್ತಿದ್ದ. ಹೀಗಾಗಿ ವರ್ಷಗಟ್ಟಲೆ ಹಿಡಿದು ಎರಡೇ ಭಾಗ ಹೊರಬಂದಿದ್ದವು.

2003ರಲ್ಲಿ ಅದು ಧಾರಾವಾಹಿಯಾಯಿತು. ಪುಸ್ತಕದ ಕಥೆ ಇರುವವರೆಗೆ ಓಣಿಯೇ ಟೀವಿ ಮುಂದೆ ಅತ್ತಿತು. "ಥೇಟ್ ನೀನs ನೋಡಬೇ!" ಎಂದರು. ಆಮೇಲೆ ಪುಸ್ತಕ ಮುಗಿಯಿತು. ಧಾರಾವಾಹಿ ಮುಗಿಯಲಿಲ್ಲ.

"ಮೂರನೇದು ಇನ್ನೂ ಹೆಂಗಸ್ರಿಗೆ ಓದಿಲ್ರೀ," ಎಂದು ಮೈಲಾರಪ್ಪ ಧಾರಾವಾಹಿಯವರನ್ನು ಫೋನಿನಲ್ಲಿ ಬೇಡಿಕೊಂಡ.

"ಸೋಮವಾರ ಏನು ತೋರಿಸ್ಲಿ ಸಾರ್? ನಮ್ಮ ಹುಡುಗ್ರು ದಿನಕ್ಕೊಂದು ಬರೀತಾರೆ. ಅವರಿಗೆ ಯಾರಿಗೂ ಓದಿ ಹೇಳೋ ಕೆಲಸ ಇಲ್ಲ. ಕಥೆ ಈಗ ನಮ್ಮದು," ಎಂದಿತು ಬೆಂಗಳೂರಿನ ದನಿ.

ಟೀವಿಯ ಗಂಗವ್ವ ರೇಷ್ಮೆ ಸೀರೆ ಉಟ್ಟಳು. ಬೆಂಗಳೂರಿನ ಮಾತು ಕಲಿತಳು. ಒಂದು ಸಂಜೆ ಮಾಲೀಕನ ಕಾಲಿಗೆ ಬಿದ್ದಳು. "ತಪ್ಪೆಲ್ಲ ನನ್ನ ತಂಗೀದೇ. ಕ್ಷಮಿಸಿಬಿಡಿ."

ರೊಟ್ಟಿ ಒಯ್ಯಲು ಬಂದಿದ್ದ ರುಕ್ಮವ್ವ ನಕ್ಕಳು. "ಕಡೀಕ ಒಪ್ಪಿಕೊಂಡಿ ಅನ್ನು, ಮುತ್ತಕ್ಕಾ! ನಮ್ಮ ಮುಂದ ಹೇಳಿದ್ದs ಬ್ಯಾರೆ."

ಮುತ್ತವ್ವನ ಕಣ್ಣು ಸ್ನೇಹಲ್ ಮೇಲಿತ್ತು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ದೊಡ್ಡವ್ವ, ಖರೇನ ನಮ್ಮವ್ವಂದs ತಪ್ಪಿತ್ತೇನು?"

ಬಡಿಯುತ್ತಿದ್ದ ರೊಟ್ಟಿ ಹರಿಯಿತು. ಮಾಲೀಕ ಅಷ್ಟೆಲ್ಲ ಹೆದರಿಸಿ ಹೇಳಿಸಲಾಗದ ಮಾತನ್ನು ಯಾರೋ ಕಾಣದ ಹುಡುಗರು ಅವಳ ಬಾಯಲ್ಲಿ ಇಟ್ಟಿದ್ದರು.

ಬಾಗಿಲಲ್ಲಿ ನಿಂತಿದ್ದ ಮೈಲಾರಪ್ಪ ತಲೆ ಎತ್ತಲಿಲ್ಲ. "ಬರೀತೇನಿ ಅತ್ತಿ. ಲಗೂನ ಬರೀತೇನಿ."

"ನೀ ಬರಿಯೂದು ಆಮ್ಯಾಲ. ಮೊದ್ಲ ಅದನ್ನ ಆರಸು. ಜಿನ್ನಿನ್ಯಾಗ ಇದ್ದವ್ರನ್ನೆಲ್ಲ ಕರಿ. ರುಕ್ಮವ್ವ, ನೀನೂ ಕುಂಡ್ರು."

ಟೀವಿ ಆರಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಮುತ್ತವ್ವ ಸ್ನೇಹಲ್‌ಳ ಕೈಯನ್ನು ತನ್ನೆರಡು ಬೆರಳಲ್ಲಿ ಹಿಡಿದು, ಆ ದಿನ ಮಶೀನಿನ ಮುಂದೆ ನಡೆದದ್ದನ್ನು ಹೇಳತೊಡಗಿದಳು. ಓಣಿಯ ಉಳಿದ ಮನೆಗಳಲ್ಲಿ ಗಂಗವ್ವ ಅಳುತ್ತ ಕ್ಷಮೆ ಕೇಳುತ್ತಲೇ ಇದ್ದಳು.

ಮುತ್ತವ್ವ ದನಿ ಏರಿಸಿದಳು.