ಏಳನೆಯವನ ಬಾಯಿ

ನಮ್ಮ ಗ್ರೋನಬೆಕ್ ಊರಿನ ತಂಡ ಜಿಲ್ಲೆಯ ಕಟ್ಟಕಡೆಯ ಲೀಗಿನಲ್ಲಿ ಕಟ್ಟಕಡೆಯದು. ನಮಗಿಂತ ಕೆಳಗಿರುವುದು ಮೈದಾನದಾಚೆಯ ಆಲೂಗೆಡ್ಡೆ ಹೊಲ ಮಾತ್ರ. ಆಡುವಾಗ ತಂಡದಲ್ಲಿ ಕನಿಷ್ಠ ಏಳು ಜನ ಇರಬೇಕು. ಆರಕ್ಕಿಳಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ತಂಡ ಬರಲೇ ಇಲ್ಲವೆಂದು ಬರೆದುಕೊಳ್ಳುತ್ತಾರೆ. ಒಂದು ಋತುವಿನಲ್ಲಿ ಮೂರು ಸಲ ಹಾಗಾದರೆ ಲೀಗಿನಿಂದಲೇ ಹೆಸರು ಹೊಡೆದುಹಾಕುತ್ತಾರೆ. ನಮಗೆ ಆಗಲೇ ಎರಡು ಸಲ ಆಗಿತ್ತು.

ಆ ಭಾನುವಾರ ನಾನೂ ಉಲ್ಫನೂ ಬೆಳಗಿನಿಂದ ಮನೆ ಮನೆ ಅಲೆದೆವು. ಉಲ್ಫ್ ನನ್ನ ಶಾಲೆಯ ಗೆಳೆಯ, ಹಂದಿ ಸಾಕುವವನು, ಐವತ್ತಾರನೇ ವಯಸ್ಸಿನಲ್ಲೂ ನಮ್ಮ ಡಿಫೆಂಡರ್. ರಾತ್ರಿಯಿಡೀ ಬೇಕರಿಯಲ್ಲಿ ಬ್ರೆಡ್ ಬೇಯಿಸಿ ಮಲಗಿದ್ದ ಎನ್ರಿಕೋನನ್ನೂ ಎಬ್ಬಿಸಿ ತಂದೆವು. ಗೋಲ್‌ಕೀಪರ್ ಆದ ನಾನೇ ಏಳನೆಯವನು. ನನ್ನ ಮಂಡಿ ಕೆಟ್ಟು ಹತ್ತು ವರ್ಷವಾಗಿದೆ.

"ಗೆರ್ನೋಟ್, ಇವತ್ತು ಬಾಯಿಗೆ ಬೀಗ ಹಾಕ್ಕೊ," ಎಂದ ಉಲ್ಫ್. "ಎಷ್ಟಾದ್ರೂ ಸೋಲೋಣ. ತೊಂಬತ್ತು ನಿಮಿಷ ಏಳು ಜನ ನಿಂತಿದ್ರೆ ಸಾಕು."

"ನಾನೇನು ಕೂಸಾ?" ಎಂದೆ.

ಅರ್ಧ ಆಟಕ್ಕೆ ಏಳು ಗೋಲು ತಿಂದಿದ್ದೆವು. ಬೇಲಿಯ ಬಳಿ ಸಾಸೇಜ್ ಸುಡುತ್ತಿದ್ದ ಮಾರ್ಲೀಸ್, "ಬಲೆ ಹರಿದೋಗತ್ತೆ ಕಣೋ, ಒಂದಾದ್ರೂ ಹಿಡಿಯೋ!" ಎಂದು ಕೂಗಿದಳು. ನಾನೂ ನಕ್ಕೆ. ಹನ್ನೊಂದನೆಯ ಗೋಲಾದ ಮೇಲೆ ಎದುರಾಳಿ ನಾಯಕ ತನ್ನವರಿಗೆ, "ಸಾಕು, ಮೆತ್ತಗೆ ಆಡ್ರೋ, ವಯಸ್ಸಾದೋರು ಪಾಪ," ಎಂದ. ಆ ‘ಪಾಪ’ ಅನ್ನುವ ಮಾತು ನನ್ನ ಮೈ ಉರಿಸಿತು.

ಮೆತ್ತಗೆ ಆಡುತ್ತಲೇ ಹನ್ನೆರಡನೆಯದೂ ಬಿತ್ತು. ಅವರವನಿಗೆ ಚೆಂಡು ಒದ್ದಾಗ ಅವನಿಗೂ ಬಲೆಗೂ ನಡುವೆ ನಾನೊಬ್ಬನೇ ಇದ್ದೆ; ನನ್ನ ಕಣ್ಣಿಗೆ ಅದು ಶುದ್ಧ ಆಫ್‌ಸೈಡ್. ನಮ್ಮ ಲೀಗಿನಲ್ಲಿ ಗೆರೆಯ ಬಳಿ ಬಾವುಟ ಹಿಡಿಯುವವರಿಲ್ಲ, ಇರುವುದು ಒಬ್ಬನೇ ರೆಫ್ರಿ. ಎಪ್ಪತ್ತು ವರ್ಷದ ಆ ವೀಸೆಕೆ ಗೋಲು ಕೊಟ್ಟ.

"ಲೇ ಕುರುಡು ನಾಯಿ! ಎಷ್ಟು ತಿಂದಿದೀಯೋ ಅವ್ರ ಹತ್ರ?" ಎಂದು ಅರಚಿದೆ.

ವೀಸೆಕೆ ನಿಧಾನವಾಗಿ ನನ್ನ ಬಳಿ ಬಂದ. ನನ್ನನ್ನು ಹೊರಗೆ ಹಾಕುವ ಕೆಂಪು ಕಾರ್ಡಿಗಾಗಿ ಕೈ ಜೇಬಿಗೆ ಹೋಗಲಿಲ್ಲ. ಅವನಿಗೂ ನಮ್ಮ ಸಂಖ್ಯೆ ಗೊತ್ತಿತ್ತು.

"ಗಾಳಿ ಜೋರಾಗಿದೆ, ಗೆರ್ನೋಟ್. ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಏನಾದ್ರೂ ಅಂದ್ಯಾ?"

ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಏನೂ ಇಲ್ಲ ಅನ್ನೋ ಮಾರಾಯ," ಎಂದ ಉಲ್ಫ್ ಹಿಂದಿನಿಂದ. "ಕೈ ಮುಗೀತೀನಿ, ಅಷ್ಟು ಅನ್ನು."

ಅಷ್ಟು ಅಂದಿದ್ದರೆ ಆಗುತ್ತಿತ್ತು. ನನಗೂ ತಿಳಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೆ ಆಡಿದ ಮಾತನ್ನು ಆ ಮುದುಕ ನನ್ನ ಕೈಗೇ ವಾಪಸ್ಸು ಕೊಡುತ್ತಿದ್ದ. ನಾನು ಅದನ್ನೇ ಅಕ್ಷರ ಬಿಡದೆ ಮತ್ತೆ ಹೇಳಿದೆ, ಮಾರ್ಲೀಸಳಿಗೂ ಕೇಳುವಷ್ಟು ಜೋರಾಗಿ.

ವೀಸೆಕೆ ಕೆಂಪು ಕಾರ್ಡು ಎತ್ತಿದ. ಉಳಿದವರನ್ನು ಬೆರಳು ಮಾಡಿ ಎಣಿಸಿದ, ಆರು. ಸೀಟಿ ಊದಿದ. ನನ್ನ ಅಜ್ಜಂದಿರು ಕಟ್ಟಿದ ತಂಡ ಎಪ್ಪತ್ತನಾಲ್ಕನೇ ನಿಮಿಷಕ್ಕೆ ಸತ್ತಿತು. ಎನ್ರಿಕೋ ಅಲ್ಲೇ ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚಿದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಉಲ್ಫ್ ಮೀನಖಂಡ ಉಜ್ಜಿಕೊಳ್ಳುತ್ತಿದ್ದ. ತಡೆಯಲಾರದೆ ಕೇಳಿದೆ: "ಆಫ್‌ಸೈಡ್ ಆಗಿತ್ತು, ಅಲ್ವೇನೋ?"

ಅವನು ಕಾಲು ಉಜ್ಜುತ್ತಲೇ ಹೇಳಿದ:

"ನಾನು ನಿನ್ನ ಹಿಂದೆ, ಕಂಬದ ಹತ್ರಾನೇ ನಿಂತಿದ್ದೆ ಕಣೋ. ಕಾಲು ಸೆಳೆತ ಹಿಡ್ದು ಮುಂದೆ ಬರಕ್ಕಾಗ್ಲಿಲ್ಲ. ಗೋಲು ಸರಿಯಾಗೇ ಇತ್ತು."